ಹೋರಿ ಪುಸ್ತಕದಲ್ಲಿ ಒಬ್ಬ ಫ್ರೆಂಚ್ ಹುಡುಗ

ಡಾಕ್ಟರು ನನ್ನ ಗಂಟಲಿಗೆ ಬೆಳಕು ಬಿಟ್ಟು ನೋಡಿ, ಇನ್ನು ಮೈಕು ಮುಟ್ಟಬೇಡಿ ಎಂದು ಹೇಳಿ ಎರಡು ವರ್ಷವಾಯಿತು. ಆಗಲಿ ಎಂದು ತಲೆಯಾಡಿಸಿ ಬಂದವನು ಅದೇ ವಾರ ಒಂದು ಹೋರಿ ಹಬ್ಬದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಗಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಇಪ್ಪತ್ತೆಂಟು ವರ್ಷದಿಂದ ಶಿಕಾರಿಪುರ, ಸೊರಬ ಎರಡೂ ತಾಲೂಕಿನಲ್ಲಿ ನಾನು ಮೈಕ್ ತೋಟಪ್ಪ. ಹೋರಿಗಳು ಮಾರಾಟವಾಗಿವೆ, ಹಿಡಿಯುವ ಹುಡುಗರು ಅಜ್ಜಂದಿರಾಗಿದ್ದಾರೆ, ನಾನು ಮಾತ್ರ ಅದೇ ಮರದ ಅಟ್ಟದ ಮೇಲೆ ನಿಂತು ಅದೇ ಮಾತು ಕೂಗುತ್ತಿದ್ದೇನೆ. ಸಾಕಾಗಿದೆ. ಆದರೆ ಯಾರಾದರೂ ಕರೆದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ನನ್ನ ಹತ್ತಿರ ಒಂದು ದಪ್ಪ ರಟ್ಟಿನ ಪುಸ್ತಕವಿದೆ. ಅದರಲ್ಲಿ ಒಂದೊಂದು ಹೋರಿಗೆ ಒಂದೊಂದು ಪುಟ. ಯಾವ ಊರಿನದು, ಎಲ್ಲೆಲ್ಲಿ ಓಡಿತು, ಯಾರ ಕೈಗೂ ಸಿಗದೆ ಕೊಬ್ಬರಿ ಹಾರ ಉಳಿಸಿಕೊಂಡಿತೋ ಅಥವಾ ಯಾರು ಹಿಡಿದು ಹಾರ ಕಿತ್ತರೋ, ಎಲ್ಲ ಬರೆದಿರುತ್ತೇನೆ. ಹೋರಿ ಅಖಾಡಕ್ಕೆ ಬರುವಾಗ ಅದರ ಪುಟ ನೋಡಿ ಚರಿತ್ರೆ ಹೇಳುವುದೇ ನನ್ನ ಕಸುಬು. ಹೋರಿಗೆ ಕಾಲು ಸೋತು ಅಖಾಡ ಬಿಡಿಸಿದಾಗ ಪುಟದ ಕೊನೆಗೆ ಒಂದು ಗೆರೆ ಬೀಳುತ್ತದೆ. ಆ ಗೆರೆಯನ್ನು ನಾನು ಎಳೆಯುವುದಿಲ್ಲ. ಪೆನ್ನು ಯಜಮಾನನ ಕೈಗೆ ಕೊಡುತ್ತೇನೆ, ಅವನೇ ಎಳೆಯಬೇಕು. ಗೆರೆ ಬಿದ್ದ ಮೇಲೆ ಆ ಹೆಸರನ್ನು ನಾನು ಮತ್ತೆ ಮೈಕಿನಲ್ಲಿ ಕೂಗುವುದಿಲ್ಲ. ಎಷ್ಟೋ ಯಜಮಾನರು ಪೆನ್ನು ಹಿಡಿದು, ಪುಟ ನೋಡಿ, ಗೆರೆ ಎಳೆಯದೆ ಮತ್ತೆ ನನ್ನ ಕೈಗೇ ಕೊಟ್ಟುಬಿಟ್ಟಿದ್ದಾರೆ.

ಕಳೆದ ಫೆಬ್ರವರಿಯಲ್ಲಿ, ಹೋರಿ ಹಬ್ಬಗಳೆಲ್ಲ ಮುಗಿದು ಗಂಟಲಿಗೆ ಬಿಡುವು ಸಿಕ್ಕಿತು ಎನ್ನುವಷ್ಟರಲ್ಲಿ ಸೊರಬದ ಸುರೇಂದ್ರನ ಫೋನು ಬಂತು. ಸುರೇಂದ್ರ ಜಮೀನಿರುವ ಕುಳ, ಮುಂದಿನ ಚುನಾವಣೆಗೆ ನಿಲ್ಲುವ ಆಸೆಯವನು. ತೀರಿಕೊಂಡ ತನ್ನ ತಂದೆ ಪುಟ್ಟಪ್ಪನವರ ನೆನಪಿಗೆ ಫುಟ್‌ಬಾಲ್ ಪಂದ್ಯ ಇಟ್ಟುಕೊಂಡಿದ್ದಾನಂತೆ. ಕೇರಳಕ್ಕೆ ಕೆಲಸಕ್ಕೆ ಹೋಗಿ ಬಂದ ಹುಡುಗರು ಅಲ್ಲಿಂದ ಈ ಆಟ ಹೊತ್ತು ತಂದಿದ್ದರು. ಫೈನಲ್ ಭಾನುವಾರ, ಸೊರಬಕ್ಕೂ ಚಂದ್ರಗುತ್ತಿಗೂ. ಸೊರಬದ ಕಡೆ ಆಡಲು ಫ್ರಾನ್ಸ್ ದೇಶದಿಂದಲೇ ಒಬ್ಬ ಆಟಗಾರನನ್ನು ಕರೆಸಿದ್ದಾನಂತೆ. ಶನಿವಾರ ಶಿಕಾರಿಪುರದ ಲಾಡ್ಜಿನಲ್ಲಿ ಇಳಿಯುತ್ತಾನೆ, ಬೆಳಿಗ್ಗೆ ನಾನು ಅವನನ್ನು ಕರೆದುಕೊಂಡು ಬಂದು ಮೈಕು ಹಿಡಿಯಬೇಕು. ಫುಟ್‌ಬಾಲ್ ನನಗೆ ಗೊತ್ತಿಲ್ಲ ಎಂದೆ. ಓಡುವುದೊಂದೇ ತಾನೆ, ಹೋರಿಯ ಹಾಗೇ ಹೇಳಿ ಎಂದ.

ನನ್ನ ಮಗಳು ಮೇಘನಾ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಭಾನುವಾರ ರಜೆಯಾದ್ದರಿಂದ ದುಭಾಷಿಯಾಗಿ ಅವಳನ್ನು ಕರೆದುಕೊಂಡು ಲಾಡ್ಜಿಗೆ ಹೋದೆ. ಕೆಳಗೆ ಬೆಂಚಿನ ಮೇಲೆ ಒಬ್ಬ ಉದ್ದನೆಯ ಹುಡುಗ ಚೀಲ ಅಪ್ಪಿಕೊಂಡು ತೂಕಡಿಸುತ್ತಿದ್ದ. ಇಪ್ಪತ್ತನಾಲ್ಕು ವಯಸ್ಸು, ಕಣ್ಣಿನ ಕೆಳಗೆ ಮಾತ್ರ ನಲವತ್ತು. ಹೆಸರು ಎಲ್ವಾ. ಪಾಸ್‌ಪೋರ್ಟಿನಲ್ಲಿ ಬರೆಯುವುದು ಬೇರೆ ಥರವಂತೆ, ಕರೆಯುವುದು ಹೀಗೆ. ಕೇರಳದಿಂದ ಬಸ್ಸು ಬದಲಾಯಿಸುತ್ತ ಎರಡು ದಿನ ಬಂದಿದ್ದ. ಎದ್ದು ನಿಲ್ಲುವಾಗ ಎಡಗೈಯನ್ನು ಮಂಡಿಯ ಮೇಲೆ ಊರಿದ. ಇದನ್ನು ನಾನು ನೋಡಿದೆ, ಯಾಕೆಂದರೆ ನಾನು ಮೊದಲು ನೋಡುವುದೇ ಕಾಲು.

ಕಾರಿನಲ್ಲಿ ಅವನ ಚರಿತ್ರೆ ಕೇಳಿದೆ. ಮೈಕಿನಲ್ಲಿ ಹೇಳಲು ಬೇಕಲ್ಲ. ಪುಸ್ತಕದಲ್ಲಿ ಹೊಸ ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡೆ, ಮೇಘನಾ ಕಾರು ಓಡಿಸುತ್ತ ಅವನ ಅರ್ಧಂಬರ್ಧ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಅವನ ಅಪ್ಪ ಹಳ್ಳಿಗಳಿಂದ ಹಾಲು ಒಯ್ಯುವ ಟ್ಯಾಂಕರಿನ ಡ್ರೈವರು. ಹದಿನಾಲ್ಕಕ್ಕೆ ಹುಡುಗನನ್ನು ದೊಡ್ಡ ಕ್ಲಬ್ಬೊಂದು ತನ್ನ ಫುಟ್‌ಬಾಲ್ ಶಾಲೆಗೆ ಆರಿಸಿಕೊಂಡಿತು. ಊರಿಗೆ ಊರೇ ಬಂದು ಬಸ್ಸು ಹತ್ತಿಸಿತ್ತು. ಹದಿನೆಂಟಕ್ಕೆ, ನೀನು ಒಳ್ಳೆಯ ಹುಡುಗ, ಆದರೆ ನಮಗೆ ಬೇಡ ಎಂದರು. ಅಲ್ಲಿಂದ ಬೆಲ್ಜಿಯಂ, ಬೆಂಚಿನ ಮೇಲೆ ಒಂದು ವರ್ಷ. ಲಕ್ಸೆಂಬರ್ಗ್ ಒಂದು ವರ್ಷ. ಮಾಲ್ಟಾ ಎಂಬ ದ್ವೀಪದಲ್ಲಿ ಮಂಡಿ ಹೋಯಿತು, ಆಪರೇಷನ್ ಆಯಿತು. ಸೈಪ್ರಸ್‌ನಲ್ಲಿ ಎಂಟು ಆಟ. ಗೋವಾದಲ್ಲಿ ಮೂರು ತಿಂಗಳು. ಆಮೇಲೆ ಕೇರಳದಲ್ಲಿ ಊರೂರಿನ ಪಂದ್ಯಕ್ಕೆ ದಿನಗೂಲಿ. ದೇಶ ಬದಲಾದಂತೆ ನನ್ನ ಅಕ್ಷರ ಚಿಕ್ಕದಾಗುತ್ತ ಬಂತು. ಇಷ್ಟು ದೇಶ ಸುತ್ತಿದ್ದಾನಲ್ಲ ಎಂದು ಹೊಟ್ಟೆಕಿಚ್ಚು ಪಡಬೇಕೋ, ಅಯ್ಯೋ ಎನ್ನಬೇಕೋ ತಿಳಿಯಲಿಲ್ಲ.

ಈಗ ಕಾಂಬೋಡಿಯದ ಒಂದು ಕ್ಲಬ್ಬಿಗೆ ಆಟಗಾರ ಬೇಕಾಗಿದ್ದನಂತೆ. ಇವನ ಏಜೆಂಟು ಸೋಮವಾರದೊಳಗೆ ಪಂದ್ಯದ ವೀಡಿಯೋ ಕೇಳಿದ್ದ. ಹಗಲು ಬೆಳಕಿನಲ್ಲಿ ತೆಗೆದದ್ದು, ಎದುರಾಳಿಗಳು ನಿಜವಾಗಿ ಅಡ್ಡಬಂದು ಆಡುವುದು ಕಾಣುವಂಥದ್ದು. ವೀಸಾ ಈ ತಿಂಗಳ ಕೊನೆಯವರೆಗೆ ಮಾತ್ರ. ಇದಾಗದಿದ್ದರೆ ಊರಿಗೆ ಹೋಗಿ ಅಪ್ಪನ ಹಾಗೆ ಟ್ಯಾಂಕರು ಓಡಿಸುವುದೇ. ಅಪ್ಪ ಮೂರು ವರ್ಷದಿಂದ ಕೆಲಸ ಕೊಡಿಸುತ್ತೇನೆ ಬಾ ಎನ್ನುತ್ತಿದ್ದಾರೆ. ಇದನ್ನೆಲ್ಲ ಹೇಳಿ ಅವನು ಮೇಘನಾಳ ಹತ್ತಿರ ವೀಡಿಯೋ ತೆಗೆಯಲು ಕೇಳಿಕೊಂಡ. ನನ್ನ ಹತ್ತಿರ ಒಂದೇ ಮಾತು ಕೇಳಿಕೊಂಡ: ನನಗೆ ದಾರಿ ಬಿಟ್ಟುಕೊಡದೆ ಅಡ್ಡ ಹಾಕಿ ಎಂದು ಎದುರು ತಂಡಕ್ಕೆ ಹೇಳಿ. ಹೇಳುತ್ತೇನೆ ಎಂದೆ.

ಉಡುತಡಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯ ಪಕ್ಕ ಸಣ್ಣಬೀರಪ್ಪನ ಮನೆ, ಮುಂದೆ ಅವನ ಹೋರಿ ಕಟ್ಟಿತ್ತು. ಉಡುತಡಿ ಬಿರುಗಾಳಿ ಎಂದು ಅದರ ಹೆಸರು ಕೂಗಿದರೆ ಒಂದು ಕಾಲಕ್ಕೆ ಹಾವೇರಿಯವರೂ ಹೆದರುತ್ತಿದ್ದರು. ಎಲ್ವಾ ನೆಟ್ಟಗೆ ಅದರ ಹತ್ತಿರ ಹೋಗಿ ಕತ್ತು ತುರಿಸಿ, ಬಗ್ಗಿ ಮುಂಗಾಲು ಹಿಡಿದು ನೋಡಿದ. ಅಜ್ಜನ ಮನೆಯಲ್ಲಿ ದನಗಳ ನಡುವೆ ಬೆಳೆದವನಂತೆ. ಈ ಕಾಲು ಮುಗಿದಿದೆ, ಇದನ್ನು ಇನ್ನೂ ಯಾಕೆ ಓಡಿಸುತ್ತಾರೆ ಎಂದು ಕೇಳಿದ. ನನಗೂ ಅದೇ ಸಿಟ್ಟು. ಪುಸ್ತಕದಲ್ಲಿ ಬಿರುಗಾಳಿಯ ಪುಟ ತೆಗೆದು ಸಣ್ಣಬೀರಪ್ಪನ ಮುಂದೆ ಪೆನ್ನು ಹಿಡಿದೆ. ಅವನು ಪೆನ್ನಿನ ಕಡೆ ನೋಡಲೇ ಇಲ್ಲ.

"ಇನ್ನೊಂದು ವರ್ಷ ನೋಡಾಣ ತೋಟಪ್ಪ" ಎಂದ.

ಮೂರು ವರ್ಷದಿಂದ ಅವನು ಹೇಳುತ್ತಿರುವುದೂ ಇದೇ. ಕಾರಿಗೆ ಬಂದ ಮೇಲೆ ಎಲ್ವಾ ಗೆರೆಗಳ ವಿಷಯ ಕೇಳಿದ. ಮೇಘನಾ ಎಲ್ಲ ವಿವರಿಸಿದಳು. ಅವನು ಪುಟಗಳನ್ನು ಒಂದೊಂದಾಗಿ ತಿರುವುತ್ತ, ಗೆರೆ ಇದ್ದ ಕಡೆ ಬೆರಳಿಟ್ಟು ನೋಡುತ್ತ ಶಿರಾಳಕೊಪ್ಪದವರೆಗೆ ಬಂದ.

ಸೊರಬದ ಮೈದಾನದ ಬಾಗಿಲಿನಲ್ಲೇ ಆಳೆತ್ತರದ ಫ್ಲೆಕ್ಸು. ವಿಶ್ವಕಪ್ ತಾರೆಗೆ ಸ್ವಾಗತ ಎಂದು ಬರೆಸಿದ್ದ ಸುರೇಂದ್ರ. ಎಲ್ವಾನ ಮುಖಕ್ಕಿಂತ ಅವನ ಮುಖವೇ ದೊಡ್ಡದಿತ್ತು. ಹೀಗಲ್ಲವಲ್ಲ ಎಂದು ಮೆತ್ತಗೆ ಹೇಳಿದೆ. ಇಷ್ಟು ದೂರ ಬಂದವನಿಗೆ ಸ್ವಲ್ಪ ಎತ್ತರ ಮಾಡಿ ಹೇಳಿದರೆ ನಿಮ್ಮ ಗಂಟು ಏನು ಹೋಗುತ್ತದೆ ಎಂದ. ಅಷ್ಟರಲ್ಲಿ ಅವನ ತಾಯಿ ವನಜಮ್ಮ ತಟ್ಟೆ ಹಿಡಿದು ಬಂದು ಹುಡುಗನ ಹಣೆಗೆ ಕುಂಕುಮವಿಟ್ಟು, ಆರತಿ ಎತ್ತಿ, ಕೊರಳಿಗೆ ಕೊಬ್ಬರಿ ಹಾರವನ್ನೇ ಹಾಕಿದರು. ಹೋರಿಗೆ ಹಾಕುವ ಹಾರವದು. ಎರಡೂ ತಂಡದ ಹುಡುಗರು ಸಾಲಾಗಿ ನಿಂತು ನೋಡುತ್ತಿದ್ದರು. ಮುದುಕಿಯ ಪ್ರೀತಿ ಸುಳ್ಳಲ್ಲ. ಎಲ್ವಾ ಬಗ್ಗಿ ಅವರ ಕೈ ಹಿಡಿದುಕೊಂಡ.

ಆಮೇಲೆ ನಾನು ಮಾಡಿದ್ದು ತಪ್ಪು. ಮೈಕು ಕೈಗೆ ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಹುಡುಗನಿಗೆ ಕೊಟ್ಟ ಮಾತು ಮರೆತು, ಫ್ಲೆಕ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಅತಿಥಿ ಎಂದರೆ ದೇವರ ಸಮ, ಏಳು ಸಮುದ್ರ ದಾಟಿ ಬಂದ ದೇವರಿಗೆ ಸೊರಬ ಸೀಮೆಯ ಮರ್ಯಾದೆ ಏನೆಂದು ತೋರಿಸಿ ಎಂದೆ. ಜನ ಶಿಳ್ಳೆ ಹೊಡೆದರು. ಶಿಳ್ಳೆ ಕೇಳಿ ಇನ್ನೂ ಎರಡು ಮಾತು ಹೆಚ್ಚಿಗೆ ಹೇಳಿದೆ.

ಆಟ ಶುರುವಾಯಿತು. ಎಲ್ವಾ ಚೆಂಡು ತೆಗೆದುಕೊಂಡು ಹೊರಟರೆ ಚಂದ್ರಗುತ್ತಿಯ ಹುಡುಗರು ಪಲ್ಲಕ್ಕಿಗೆ ದಾರಿ ಬಿಟ್ಟ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದರು. ಒಬ್ಬ ತಪ್ಪಿ ಅಡ್ಡ ಬಂದ, ಅವನ ಕಾಲು ಎಲ್ವಾನ ಕಾಲಿಗೆ ತಾಗಿತು. ತಕ್ಷಣ ಅವನು ಚೆಂಡು ಬಿಟ್ಟು, ಬಗ್ಗಿ ಎಲ್ವಾನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡ. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಮಾಡುವುದೇ ಅದು. ತಮ್ಮತಮ್ಮಲ್ಲಿ ಆಡುವಾಗ ಈ ಹುಡುಗರು ಒದ್ದಾಡಿಕೊಂಡು ಆಡುವವರೇ, ಆದರೆ ಆರತಿ ಎತ್ತಿಸಿಕೊಂಡ ಮೈಗೆ ಕಾಲು ತಾಗಿಸುವುದು ಹೇಗೆ? ಅವರಲ್ಲಿ ಚೆನ್ನಾಗಿ ಅಡ್ಡಹಾಕಬಲ್ಲವನು ಚನ್ನೇಶ್, ಕೇರಳದ ಮಲಪ್ಪುರಂ ಕಡೆ ನಾಲ್ಕು ವರ್ಷ ಟೈಲ್ಸ್ ಕೆಲಸ ಮಾಡುತ್ತ ಆಡಿದವನು, ಈಗ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಾನೆ. ಅವನೂ ಎರಡು ಸಲ ಬಗ್ಗಿ ಕಣ್ಣಿಗೊತ್ತಿಕೊಂಡ. ಎಲ್ವಾ ಐದು ಗೋಲು ಹೊಡೆದ. ಮೊದಲನೆಯದಕ್ಕೆ ಕೈ ಎತ್ತಿದ. ಐದನೆಯದಕ್ಕೆ ಚೆಂಡನ್ನು ಬಲೆಯೊಳಗೆ ಬಿಟ್ಟು, ತಲೆ ತಗ್ಗಿಸಿ ನಡೆದು ಬಂದ.

ಅರ್ಧ ಆಟಕ್ಕೆ ಬಿಡುವು ಬಿಟ್ಟಾಗ ಎಲ್ವಾ ಮೇಘನಾ ತೆಗೆದ ವೀಡಿಯೋ ನೋಡಿ ನೆಲಕ್ಕೆ ಕುಳಿತ. ಇದನ್ನು ಕಳಿಸಿದರೆ ನಗುತ್ತಾರೆ ಎಂದ. ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಎಲ್ಲ ದೇಶದಲ್ಲೂ ಏನೋ ಒಂದು ಹೀಗೇ ಆಗುತ್ತದೆ ಎಂಬಂತೆ ಶೂಸಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ನನಗೆ ನಾಚಿಕೆಯಾಯಿತು. ಚಂದ್ರಗುತ್ತಿಯವರು ಕುಳಿತಲ್ಲಿಗೆ ಹೋಗಿ, ಸರಿಯಾಗಿ ಆಡಿ ಎಂದು ಚನ್ನೇಶನಿಗೆ ಹೇಳಿದೆ. ಅವನು ನೀರು ಕುಡಿಯುವುದನ್ನು ನಿಲ್ಲಿಸಿದ.

"ಹ್ಯಾಂಗೆ ಅಡ್ಡ ಹಾಕೋದು ಹೇಳಿ. ವನಜಮ್ಮ ಆರ್ತಿ ಎತ್ತಿದಾರೆ. ದೇವ್ರ ಸಮ ಅಂತ ನೀವೇ ಮೈಕಲ್ಲಿ ಅಂದ್ರಿ. ನಮ್ಮವ್ವ ಅಲ್ಲೇ ಕೂತು ನೋಡ್ತಿದಾಳೆ."

ನಾನು ಕಟ್ಟಿದ ಗಂಟು, ನಾನೇ ಬಿಚ್ಚಬೇಕು. ಹುಡುಗನನ್ನು ಕೇಳದೆ ಅವನ ಬಾಳನ್ನು ಸಾವಿರ ಜನರ ಮುಂದೆ ಹರಡುವುದು ಸರಿಯೋ ಎಂದು ಒಂದು ಗಳಿಗೆ ನಿಂತೆ. ಕೇಳಿದರೆ ಅವನು ಒಪ್ಪುತ್ತಾನೋ ಇಲ್ಲವೋ ಎಂಬ ಭಯಕ್ಕೆ ಕೇಳಲಿಲ್ಲ. ಅಟ್ಟ ಹತ್ತಿ, ಪುಸ್ತಕ ತೆರೆದು ಮೈಕು ಹಿಡಿದೆ.

"ಕೇಳ್ರಪಾ. ಆಗ್ಲೇ ನಾ ಹೇಳಿದ್ದು ಸುಳ್ಳು. ಈ ಹುಡುಗ ವಿಶ್ವಕಪ್ಪು ಆಡಿಲ್ಲ. ಹದಿನೆಂಟಕ್ಕೆ ಅವನ ದೇಶದಾಗೇ ಬ್ಯಾಡ ಅಂದು ಕಳಿಸಿದ್ರು. ಬೆಲ್ಜಿಯಮ್ಮಿನಾಗೆ ಬೆಂಚು ಕಾದ. ಲಕ್ಸೆಂಬರ್ಗಿನಾಗೆ ಒಂದು ವರ್ಷ. ಮಾಲ್ಟಾದಾಗೆ ಮಂಡಿ ಹೋತು. ಸೈಪ್ರಸ್ಸಿನಾಗೆ ಎಂಟು ಆಟ, ಗೋವಾದಾಗೆ ಮೂರು ತಿಂಗಳು. ಕೇರಳದಾಗೆ ದಿನಗೂಲಿ. ಇವತ್ತು ಇಲ್ಲಿ, ಇದೂ ದಿನಗೂಲಿ. ನಮ್ಮಂಗೆ ದುಡ್ಕೊಂಡು ತಿನ್ನೋನು. ಇವನಿಗೆ ಬೇಕಾಗಿರೋದು ಆರತಿ ಅಲ್ಲ, ಎದುರಾಳಿ. ಹಿಡಿಯೋರಿಲ್ಲದ ಅಖಾಡದಾಗೆ ಓಡಿದ್ದು ಓಟ ಅಲ್ಲ, ಮೆರವಣಿಗೆ. ಹಿಡೀರಿ ಇವನ್ನ."

ಸುರೇಂದ್ರನ ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು. ಎಲ್ವಾ ಆ ದೇಶಗಳ ಹೆಸರು ಕೇಳಿ ತಲೆ ಎತ್ತಿ ನನ್ನ ಕಡೆ ನೋಡಿದ, ಆಮೇಲೆ ಮೇಘನಾಳ ಕಡೆ ನೋಡಿದ. ಅವಳು ಫೋನು ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಚನ್ನೇಶ್ ಎದ್ದು, ತನ್ನ ತಾಯಿಯ ಕಡೆ ತಿರುಗಿದ. ಮುದುಕಿ ಹೂಂ ಎಂದು ತಲೆಯಾಡಿಸಿತು.

ಎರಡನೇ ಅರ್ಧದಲ್ಲಿ ಎಲ್ವಾಗೆ ಸಿಕ್ಕ ಮೊದಲ ಚೆಂಡನ್ನು ಚನ್ನೇಶ್ ಕಾಲಿನಡಿಯಿಂದಲೇ ಕಿತ್ತುಕೊಂಡು ಹೋದ. ಎಲ್ವಾ ಬಿದ್ದ. ಬಿದ್ದವನು ನಕ್ಕ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು. ಎದ್ದು ಮತ್ತೆ ಬಂದ, ಚೆಂಡು ಮತ್ತೆ ಕೈತಪ್ಪಿ ಹೋಯಿತು. ಮೂರನೆಯ ಸಲ ಅವನು ಮಾಡಿದ್ದನ್ನು ನಾನು ಮೈಕಿನಲ್ಲಿ ಹೇಳಲಾರದೆ ಹೋದೆ. ಬಲಕ್ಕೆ ಹೋಗುವವನಂತೆ ಮೈ ತೋರಿಸಿ, ಚೆಂಡನ್ನು ಹಿಮ್ಮಡಿಯಲ್ಲಿ ಎಳೆದು ಎಡಕ್ಕೆ ತಿರುಗಿದ. ಚನ್ನೇಶ್ ನಿಂತಲ್ಲೇ ನಿಂತ. ಹದಿನಾಲ್ಕಕ್ಕೆ ಅವನನ್ನು ಯಾಕೆ ಆರಿಸಿಕೊಂಡರು ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಆಗ ತಿಳಿಯಿತು. ಮುಂದೆ ಬರೀ ಬಯಲು, ಹದಿನೈದು ಮಾರು ಓಡಿದರೆ ಗೋಲು. ಅವನು ಓಡಿದ. ಮನಸ್ಸು ಓಡಿತು, ಎಡಗಾಲು ಹಿಂದೆ ಉಳಿಯಿತು. ಮೂವತ್ತೊಂದು ವಯಸ್ಸಿನ, ಎರಡು ಮಕ್ಕಳ ತಂದೆ, ಮೂಟೆ ಹೊರುವ ಚನ್ನೇಶ್ ಹಿಂದಿನಿಂದ ಬಂದು ಅವನನ್ನು ದಾಟಿ ಚೆಂಡು ತೆಗೆದುಕೊಂಡ.

ಹಾಗೆ ಇನ್ನೂ ಎರಡು ಸಲ ಆಯಿತು. ಎರಡು ಸಲವೂ ಅದೇ ಹದಿನೈದು ಮಾರು. ಒಂದು ಸಲ ಮಾತ್ರ ದೂರದಿಂದ ಹೊಡೆದ, ಚೆಂಡು ಬಿದಿರಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಚಂದ್ರಗುತ್ತಿಯವರು ಮೂರು ಗೋಲು ಹೊಡೆದರು. ಮೊದಲಿನ ಐದರ ಬಲದಿಂದ ಕಪ್ಪು ಸೊರಬಕ್ಕೇ ಬಂತು. ಶಿಳ್ಳೆ ಊದಿದ ಮೇಲೆ ಚನ್ನೇಶ್ ಹತ್ತಿರ ಬಂದು, ಕಾಲು ತಾಗಿದ ಎಲ್ಲ ಸಲದ್ದನ್ನೂ ಸೇರಿಸಿ ಒಂದೇ ಸಲಕ್ಕೆ ಬಗ್ಗಿ ಎಲ್ವಾನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಲ್ವಾ ಅವನ ಭುಜ ಹಿಡಿದುಕೊಂಡು ಉಸಿರು ಸಿಗುವವರೆಗೆ ಹಾಗೇ ನಿಂತ. ಸುರೇಂದ್ರ ನನ್ನ ಕೈಯಿಂದ ಮೈಕು ತೆಗೆದುಕೊಂಡು, ಮುಂದಿನ ವರ್ಷ ನಿಮಗೆ ತೊಂದರೆ ಕೊಡುವುದಿಲ್ಲ ತೋಟಪ್ಪಣ್ಣ ಎಂದ. ದೊಡ್ಡ ಉಪಕಾರವಾಯಿತು ಎಂದೆ, ಆದರೆ ದನಿ ಹೊರಗೆ ಬರಲಿಲ್ಲ.

ಕಾರಿನ ಬಾಗಿಲು ತೆರೆದಿಟ್ಟು ಸೀಟಿನ ಮೇಲೆ ಕುಳಿತ ಎಲ್ವಾ, ಎರಡನೇ ಅರ್ಧದ ವೀಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ನಾನು ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತ ಪಕ್ಕದಲ್ಲಿ ನಿಂತಿದ್ದೆ. ನೋಡಿ ಮುಗಿಸಿ, ಮೈಕಿನಲ್ಲಿ ಏನು ಹೇಳಿದಿರಿ ಎಂದು ಕೇಳಿದ. ಮೇಘನಾ ನನ್ನ ಮುಖ ನೋಡಿದಳು. ಒಳ್ಳೆಯದು ಏನಾದರೂ ಹೇಳು ಎಂದು ಕಣ್ಣಲ್ಲೇ ಹೇಳಬಹುದಿತ್ತು. ಅಂದು ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಇದ್ದದ್ದು ಇದ್ದ ಹಾಗೇ ಹೇಳಮ್ಮ ಎಂದೆ. ಅವಳು ಹೇಳಿದಳು.

ಅವನು ಫೋನನ್ನು ಮೇಘನಾಳ ಕೈಗೆ ಕೊಟ್ಟ. ಆಮೇಲೆ, ಎಲ್ಲ ಊರೂ ಹೇಳಿದಿರಾ, ವರಸೆ ತಪ್ಪದೆ ಹೇಳಿದಿರಾ ಎಂದು ಕೇಳಿದ. ಹೌದು ಎಂದೆ. ಮಂಡಿಯದು? ಅದನ್ನೂ ಹೇಳಿದೆ, ತಪ್ಪಾಯಿತು ಎಂದೆ. ಅವನು ತಪ್ಪಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ. ಮೂರು ವರ್ಷದಿಂದ ಡಾಕ್ಟರು, ಕೋಚು, ಏಜೆಂಟು ಎಲ್ಲರೂ ಮಂಡಿ ಚೆನ್ನಾಗಿದೆ ಎಂದೇ ಹೇಳುತ್ತ ಬಂದಿದ್ದರಂತೆ. ಆ ಹದಿನೈದು ಮಾರಿನ ವಿಷಯ ಯಾರೂ ಹೇಳಿರಲಿಲ್ಲವಂತೆ. ಈ ವೀಡಿಯೋ ಕಳಿಸಬೇಕೋ ಎಂದು ಮೇಘನಾ ಕೇಳಿದಳು. ಕಳಿಸು, ಆದರೆ ಏಜೆಂಟಿಗಲ್ಲ ಎಂದು ಬೇರೆ ನಂಬರು ಹೇಳಿದ. ಅದು ಅವನ ಅಪ್ಪನದು.

ನನ್ನ ಪುಸ್ತಕ ಸೀಟಿನ ಮೇಲಿತ್ತು. ಅವನು ತನ್ನ ಪುಟ ಹುಡುಕಿ, ಅರ್ಥವಾಗದ ಕನ್ನಡದ ಸಾಲುಗಳನ್ನು ಬೆರಳಿನಲ್ಲಿ ಎಣಿಸಿದ. ಒಂದು ಊರು ಬಿಟ್ಟಿದ್ದೀರಿ ಎಂದ. ಪೆನ್ನು ಕೊಟ್ಟೆ. ಕೇರಳದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಸೊರಬ ಎಂದು ಬರೆದು, ಮುಂದೆ ಅಂದಿನ ತಾರೀಕು ಹಾಕಿದ. ಪೆನ್ನು ವಾಪಸ್ಸು ಕೊಡುತ್ತಾನೆ ಎಂದು ಕೈ ಚಾಚಿದೆ. ಅವನು ಕೊಡಲಿಲ್ಲ. ಪೆನ್ನಿನ ಮೊನೆ ಊರಿನ ಹೆಸರಿನ ಕೆಳಗೆ, ಪುಟದ ಎಡ ಅಂಚಿಗೆ ಹೋಗಿ ನಿಂತಿತು.

ಹಿಮ್ಮಡಿಯಲ್ಲಿ ಚೆಂಡು ಎಳೆದು ತಿರುಗಿದ ಆ ಒಂದು ಗಳಿಗೆ ಕಣ್ಣ ಮುಂದೆ ಬಂತು. ಇಪ್ಪತ್ತನಾಲ್ಕು ವರ್ಷದ ಹುಡುಗ. ಯಜಮಾನರಿಗೆಲ್ಲ ಬುದ್ಧಿ ಹೇಳುವ ನಾನು, ಇದ್ದಬದ್ದ ದನಿ ಕೂಡಿಸಿ ಅವನ ಕೈ ಹಿಡಿದೆ.

"ಇನ್ನೊಂದು ವರ್ಷ ನೋಡಾಣ, ತಮ್ಮಾ."

ಮೇಘನಾ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಬೇಕಾಗಲೂ ಇಲ್ಲ. ಬೆಳಿಗ್ಗೆ ಸಣ್ಣಬೀರಪ್ಪ ಹೇಳಿದ ಮಾತಿನ ದನಿ ಅವನಿಗೆ ನೆನಪಿತ್ತೆಂದು ಕಾಣುತ್ತದೆ, ನನ್ನ ಮುಖ ನೋಡಿ ಸಣ್ಣಗೆ ನಕ್ಕ. ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಅಂಚಿನಿಂದ ಅಂಚಿಗೆ ಗೆರೆ ಎಳೆದ. ಇಪ್ಪತ್ತೆಂಟು ವರ್ಷದಲ್ಲಿ ಆ ಪುಸ್ತಕದಲ್ಲಿ ನೂರಾರು ಗೆರೆ ಬಿದ್ದಿವೆ, ಎಲ್ಲವೂ ಯಜಮಾನರದು. ಹೋರಿಯೇ ಪೆನ್ನು ಹಿಡಿದು ಗೆರೆ ಎಳೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.